ಸೊಪ್ಪಿಗೆ ಸಂತೆ, ಈರುಳ್ಳಿಗೆ ಅಂಗಡಿ: ಕೋಲಾರದಲ್ಲಿ ತರಕಾರಿ ಎಲ್ಲಿ ಕೊಳ್ಳಬೇಕು?

ಎರಡು ವರ್ಷದ ಹಿಂದೆ ಒಂದು ಬೆಳಿಗ್ಗೆ ಮಂಡಿಯಿಂದ ಒಂದು ಬಾಕ್ಸ್ ಟೊಮೆಟೊ ಹೊತ್ತುಕೊಂಡು ಬಂದೆ. 15 ಕೆಜಿ. ಅಂಗಡಿ ರೇಟಿನ ಅರ್ಧಕ್ಕೆ ಸಿಕ್ಕಿತು ಅಂತ ಬಹಳ ಖುಷಿ. ಮನೆಯಲ್ಲಿ ನಾವು ನಾಲ್ಕೇ ಜನ. ಮೊದಲ ದಿನ ಸಾರು, ಎರಡನೇ ದಿನ ಗೊಜ್ಜು, ಮೂರನೇ ದಿನ ಟೊಮೆಟೊ ಬಾತ್. ನಾಲ್ಕನೇ ದಿನ ಬಾಕ್ಸಿನ ತಳದಿಂದ ನೀರು ಸೋರತೊಡಗಿತು. ಮೇಲಿನ ಎರಡು ಸಾಲು ಹವಳದ ಹಾಗಿತ್ತು, ಕೆಳಗಿನದು ಒಡೆದು ಕೊಳೆತಿತ್ತು. ಐದಾರು ಕೆಜಿ ತಿಪ್ಪೆ ಸೇರಿತು. ಕೂತು ಲೆಕ್ಕ ಹಾಕಿದರೆ ಆಟೋ ಬಾಡಿಗೆಯೂ ಸೇರಿ ಅಂಗಡಿ ರೇಟೇ ಬಿತ್ತು.

ಅವತ್ತಿನಿಂದ ‘ಎಲ್ಲಿ ಅಗ್ಗ’ ಅಂತ ಕೇಳುವುದು ಬಿಟ್ಟೆ. ‘ಯಾವುದು ಎಲ್ಲಿ’ ಅಂತ ಕೇಳುತ್ತೇನೆ. ಕೋಲಾರದಂಥ ಊರಿನಲ್ಲಿ ಆಯ್ಕೆಗೆ ಕೊರತೆಯಿಲ್ಲ. ಎಪಿಎಂಸಿ ಮಂಡಿ ಇದೆ, ವಾರದ ಸಂತೆ ಇದೆ, ರಸ್ತೆ ಬದಿಯಲ್ಲಿ ಗೋಣಿಚೀಲ ಹಾಸಿ ಕೂತ ರೈತರಿದ್ದಾರೆ, ಬೀದಿಗೆ ಬರುವ ತಳ್ಳುಗಾಡಿ ಇದೆ, ಬೆಳೆಗಾರರ ಸಹಕಾರ ಸಂಘದ ಹಾಪ್‌ಕಾಮ್ಸ್ ಮಳಿಗೆ ಇದೆ, ಎಸಿ ಹಾಕಿದ ಸೂಪರ್ ಮಾರ್ಕೆಟ್ ಇದೆ, ಈಗ ಫೋನಿನಲ್ಲಿ ಆಪ್ ಕೂಡ ಇದೆ. ‘ರೈತರಿಂದಲೇ ಕೊಳ್ಳಿ’ ಅನ್ನುವ ಮಾತನ್ನು ಎಲ್ಲರೂ ಹೇಳುತ್ತಾರೆ. ನಾನೂ ಹೇಳುತ್ತೇನೆ. ಆದರೆ ಅದರ ಲಾಭ ಎಲ್ಲ ತರಕಾರಿಗೂ ಒಂದೇ ಸಮ ಇರುವುದಿಲ್ಲ. ಬೇಗ ಬಾಡುವ ತರಕಾರಿಗೆ ತುಂಬಾ ಇದೆ. ತಿಂಗಳುಗಟ್ಟಲೆ ಮೂಟೆಯಲ್ಲಿ ಕೂರುವ ತರಕಾರಿಗೆ ಹೆಚ್ಚುಕಡಿಮೆ ಇಲ್ಲವೇ ಇಲ್ಲ.

ಸಂತೆಯಲ್ಲಿ ಕೂತವರೆಲ್ಲ ರೈತರಲ್ಲ

ಇದನ್ನು ಮೊದಲು ಹೇಳಿಬಿಡುತ್ತೇನೆ. ಸಂತೆಗೆ ಹೋದ ಕೂಡಲೇ ಹೊಲದಿಂದ ನೇರ ಬಂದ ಮಾಲು ಸಿಕ್ಕಿತು ಅಂದುಕೊಳ್ಳಬೇಡಿ. ಅರ್ಧಕ್ಕಿಂತ ಜಾಸ್ತಿ ಜನ ಬೆಳಗಿನ ಜಾವ ಮಂಡಿಯಲ್ಲಿ ಮಾಲು ಎತ್ತಿ ಇಲ್ಲಿ ತಂದು ಮಾರುವವರೇ ಇರುತ್ತಾರೆ. ಅದೇನು ತಪ್ಪಲ್ಲ, ಅವರದೂ ಹೊಟ್ಟೆಪಾಡು. ಆದರೆ ನೀವು ರೈತರಿಗೆ ಅಂತ ಚೌಕಾಸಿ ಮಾಡದೆ ಕೊಟ್ಟ ದುಡ್ಡು ರೈತರ ಕೈಗೆ ಹೋಗಿರುವುದಿಲ್ಲ, ಅಷ್ಟೇ.

ಗುರುತು ಹಿಡಿಯುವುದು ಸುಲಭ. ಬೆಳೆದವರ ಮುಂದೆ ಎರಡೋ ಮೂರೋ ಬಗೆ ಇರುತ್ತದೆ. ಒಂದು ಗುಡ್ಡೆ ಬದನೆ, ನಾಲ್ಕು ಕಟ್ಟು ದಂಟು, ಪಕ್ಕದಲ್ಲಿ ಒಂದಿಷ್ಟು ನಿಂಬೆ. ಗಾತ್ರ ಒಂದರ ಹಾಗೆ ಒಂದಿಲ್ಲ. ಬೇರಿಗೆ ಮಣ್ಣು ಅಂಟಿರುತ್ತದೆ. ಕ್ಯಾರೆಟ್, ಬೀಟ್‌ರೂಟ್, ಕ್ಯಾಪ್ಸಿಕಂ, ಬೆಳ್ಳುಳ್ಳಿ ಎಲ್ಲ ಸಾಲಾಗಿ ಜೋಡಿಸಿ ಕೂತವರು ವ್ಯಾಪಾರಿಗಳು. ಅನುಮಾನ ಇದ್ದರೆ ‘ಯಾವ ಊರಮ್ಮಾ, ಯಾವಾಗ ಕಿತ್ತಿದ್ದು?’ ಅಂತ ಕೇಳಿ. ಬೆಳೆದವರು ಊರಿನ ಹೆಸರಿನ ಜೊತೆ ಬೋರ್‌ವೆಲ್ ಕಥೆಯನ್ನೂ ಹೇಳುತ್ತಾರೆ. ತಂದು ಮಾರುವವರು ‘ಫ್ರೆಶ್ ಇದೆ ತಗೊಳ್ಳಿ’ ಅನ್ನುತ್ತಾರೆ.

ನಮ್ಮ ಜಿಲ್ಲೆಯ ಒಂದು ಕಡೆ ಆಂಧ್ರ, ಇನ್ನೊಂದು ಕಡೆ ತಮಿಳುನಾಡು. ಎರಡು ಕಡೆಯೂ ಈ ಗೊಂದಲ ಬಗೆಹರಿಸಲು ಸರ್ಕಾರವೇ ದಾರಿ ಮಾಡಿದೆ. ಆಗಿನ ಆಂಧ್ರದಲ್ಲಿ ರೈತು ಬಜಾರ್, ತಮಿಳುನಾಡಿನಲ್ಲಿ ಉಳವರ್ ಸಂದೈ, ಎರಡೂ 1999ರಲ್ಲಿ ಶುರುವಾದವು. ಅಲ್ಲಿ ರೈತರಿಗೆ ಗುರುತಿನ ಚೀಟಿ ಕೊಡುತ್ತಾರೆ, ಅವತ್ತಿನ ರೇಟನ್ನು ಬೋರ್ಡಿನ ಮೇಲೆ ಬರೆಯುತ್ತಾರೆ. ಹೊಸೂರಿಗೆ ಹೋದಾಗ ಒಮ್ಮೆ ನೋಡಿ ಬನ್ನಿ. ನಮ್ಮ ಸಂತೆಯಲ್ಲಿ ಬೋರ್ಡು ಇಲ್ಲ, ಚೀಟಿ ಇಲ್ಲ. ಕಣ್ಣು, ಬಾಯಿ ಎರಡನ್ನೂ ಬಳಸಬೇಕು.

ಬಾಯಿ ಅಂದಾಗ ನೆನಪಾಯಿತು. ಕೋಲಾರದ ಸಂತೆಯಲ್ಲಿ ತೆಲುಗಿನಲ್ಲಿ ‘ಎಂತಮ್ಮಾ?’ ಅಂತ ಕೇಳಿದರೆ ಎರಡು ರೂಪಾಯಿ ಕಡಿಮೆಗೆ ಕೊಡುತ್ತಾರೆ ಅನ್ನುವುದು ನನ್ನ ಅತ್ತೆಯ ನಂಬಿಕೆ. ನಾನು ಎರಡೂ ಭಾಷೆಯಲ್ಲಿ ಕೇಳಿ ನೋಡಿದ್ದೇನೆ, ರೇಟು ಒಂದೇ. ಅತ್ತೆಗೆ ಮಾತ್ರ ಕಡಿಮೆಗೆ ಸಿಗುತ್ತದೆ. ಅದು ಭಾಷೆಯ ಮಹಿಮೆಯಲ್ಲ, ಅತ್ತೆಯ ಮಹಿಮೆ.

ಸೊಪ್ಪು: ಇಲ್ಲಿ ಸಂತೆಗೆ ಸಾಟಿಯೇ ಇಲ್ಲ

ಒಂದೇ ಒಂದು ಕಾರಣಕ್ಕೆ ಸಂತೆಗೆ ಹೋಗಬೇಕು ಅಂದರೆ ಅದು ಸೊಪ್ಪು. ಕಿತ್ತ ಗಳಿಗೆಯಿಂದಲೇ ಸೊಪ್ಪು ಬಾಡಲು ಶುರು. ಅದರಲ್ಲಿರುವ ವಿಟಮಿನ್ ಸಿ ಕೂಡ ಬೇಗ ಇಳಿಯುತ್ತದೆ, ಬಿಸಿಲಲ್ಲಿ ಇನ್ನೂ ಬೇಗ. ಬೆಳಿಗ್ಗೆ ಆರಕ್ಕೆ ಕಿತ್ತ ಸೊಪ್ಪು ಎಂಟಕ್ಕೆ ನಿಮ್ಮ ಚೀಲಕ್ಕೆ ಬಿದ್ದರೆ ಮಧ್ಯಾಹ್ನದ ಮಸ್ಸೊಪ್ಪಿನ ರುಚಿಯೇ ಬೇರೆ.

ಇನ್ನೊಂದು ವಿಷಯ ಬಗೆಗಳದ್ದು. ಆಪ್ ತೆರೆದು ‘ಸೊಪ್ಪು’ ಅಂತ ಹುಡುಕಿ. ಪಾಲಕ್, ಮೆಂತ್ಯ, ಕೊತ್ತಂಬರಿ, ಪುದೀನ, ಸಬ್ಬಸಿಗೆ, ಬಹಳ ಅಂದರೆ ದಂಟು. ಅಲ್ಲಿಗೆ ಮುಗಿಯಿತು. ಸಂತೆಯಲ್ಲಿ ಒಂದು ಮಳೆ ಬಿದ್ದ ವಾರ ಹೋಗಿ ನೋಡಿ. ಅಣ್ಣೆ ಸೊಪ್ಪು, ಗೋಣಿ ಸೊಪ್ಪು, ಗಣಿಕೆ, ಹೊನಗೊನೆ, ಕೀರೆ, ಚಕೋತ, ನುಗ್ಗೆ. ಹೊಲದ ಬದುವಿನಲ್ಲಿ ತಾನಾಗಿ ಹುಟ್ಟಿದ್ದನ್ನೆಲ್ಲ ಹೆಂಗಸರು ಕುಯ್ದು, ಬೆರೆಸಿ, ಬೆರಕೆ ಸೊಪ್ಪು ಅಂತ ಗುಡ್ಡೆ ಹಾಕಿ ಮಾರುತ್ತಾರೆ. ಯಾವ ಎಲೆ ಎಷ್ಟಿರಬೇಕು ಅನ್ನುವ ಅಂದಾಜು ಅವರ ಕೈಯಲ್ಲೇ ಇದೆ. ಒಗರಿನದು ಜಾಸ್ತಿಯಾದರೆ ಸಾರು ಕೆಡುತ್ತದೆ, ಲೋಳೆಯದು ಜಾಸ್ತಿಯಾದರೆ ಮುದ್ದೆಗೆ ಹೊಂದುವುದಿಲ್ಲ. ಹೀಗೆ ಬದುವಿನಲ್ಲಿ ಹುಟ್ಟುವ ಬೆರಕೆಯನ್ನು ಯಾರೂ ಬಿತ್ತಿ ಬೆಳೆಯುವುದಿಲ್ಲ. ಹಾಗಾಗಿ ಮಂಡಿಯಲ್ಲೂ ಸಿಗುವುದಿಲ್ಲ, ಬಾರ್‌ಕೋಡ್ ಅಂಟಿಸಿದ ಪ್ಯಾಕೆಟ್ಟಿನಲ್ಲೂ ಸಿಗುವುದಿಲ್ಲ. ಬೆರಕೆ ಸೊಪ್ಪಿನ ಉಪ್ಸಾರು ಬೇಕು ಅಂದರೆ ಸಂತೆಗೇ ಹೋಗಬೇಕು.

ಕೊಳ್ಳುವಾಗ ಬೇರು ಇರುವ ಕಟ್ಟನ್ನು ಆರಿಸಿ. ಒಮ್ಮೆ ಆಪ್‌ನಲ್ಲಿ ತರಿಸಿದ ಕೊತ್ತಂಬರಿ ಬೇರು ಕತ್ತರಿಸಿ, ಒದ್ದೆಯಾಗಿಯೇ ಪ್ಲಾಸ್ಟಿಕ್ಕಿನಲ್ಲಿ ಬಂದಿತ್ತು. ಎರಡೇ ದಿನಕ್ಕೆ ಕಪ್ಪಾಗಿ ಲೋಳೆ ಬಿಟ್ಟಿತು. ಬೇರಿರುವುದನ್ನು ನೀರು ಆರಿಸಿ, ಹಳೇ ಪೇಪರಿನಲ್ಲಿ ಸುತ್ತಿ ಫ್ರಿಜ್‌ನಲ್ಲಿಟ್ಟರೆ ನಾಲ್ಕೈದು ದಿನ ತಡೆಯುತ್ತದೆ.

ಟೊಮೆಟೊ: ದೂರ ಹೋಗಲಾರದ್ದೇ ನಮಗೆ ಒಳ್ಳೆಯದು

ಕೋಲಾರದ ಎಪಿಎಂಸಿ ದೇಶದ ದೊಡ್ಡ ಟೊಮೆಟೊ ಮಾರುಕಟ್ಟೆಗಳಲ್ಲಿ ಒಂದು. ಇಲ್ಲಿಂದ ಲಾರಿಗಳು ದೆಹಲಿ, ಕೋಲ್ಕತ್ತದ ತನಕ ಹೋಗುತ್ತವೆ. ಅಷ್ಟು ದೂರ ಹೋಗುವ ಹಣ್ಣನ್ನು ಗಿಡದಲ್ಲಿ ಪೂರ್ತಿ ಹಣ್ಣಾಗಲು ಬಿಡುವುದಿಲ್ಲ. ಬಣ್ಣ ತಿರುಗುವಾಗಲೇ ಕೀಳುತ್ತಾರೆ. ತಳಿಗಳೂ ಹಾಗೆಯೇ, ದಪ್ಪ ಸಿಪ್ಪೆಯ ಹೈಬ್ರಿಡ್. ಬಾಕ್ಸಿನಲ್ಲಿ ಹೇರಿದರೂ ಒಡೆಯಬಾರದು ಅಲ್ವಾ.

ಗಿಡದಲ್ಲೇ ಕೆಂಪಾಗಿ ಹಣ್ಣಾದದ್ದು ಈ ಪ್ರಯಾಣಕ್ಕೆ ನಾಲಾಯಕ್ಕು. ಮಂಡಿಯಲ್ಲಿ ಅದಕ್ಕೆ ರೇಟೂ ಸಿಗುವುದಿಲ್ಲ. ಅದೇ ಸುತ್ತಲಿನ ಸಂತೆಗೆ, ರಸ್ತೆ ಬದಿಗೆ ಬರುತ್ತದೆ. ಅಂದರೆ ಮಂಡಿಯ ಕಣ್ಣಿನಲ್ಲಿ ಕಡಿಮೆ ದರ್ಜೆಯದ್ದು ಸಾರಿನ ಕಣ್ಣಿನಲ್ಲಿ ಮೊದಲ ದರ್ಜೆಯದ್ದು! ಇಂದು ನಾಳೆ ಬಳಸುವುದಾದರೆ ಇದನ್ನೇ ತನ್ನಿ. ವಾರ ಪೂರ್ತಿ ಇಡಬೇಕು ಅಂದರೆ ತಳ್ಳುಗಾಡಿಯಲ್ಲಿ ಅರೆ ಹಣ್ಣು ತೆಗೆದುಕೊಳ್ಳಿ, ಅಡುಗೆಮನೆ ಕಟ್ಟೆಯ ಮೇಲೆ ಹಣ್ಣಾಗಲಿ. ಫ್ರಿಜ್‌ಗೆ ಹಾಕಿದರೆ ಟೊಮೆಟೊ ವಾಸನೆ ಕಳೆದುಕೊಳ್ಳುತ್ತದೆ. ತೀರಾ ಹಣ್ಣಾದ ಮೇಲೆ ಮಾತ್ರ ಒಳಗಿಡಿ. ಹುಳಿ ಜಾಸ್ತಿ ಬೇಕು ಅನ್ನುವವರು ಸಂತೆಯಲ್ಲಿ ನಾಟಿ ಟೊಮೆಟೊ ಕೇಳಿ. ಚಪ್ಪಟೆ, ಗೀರು ಗೀರು, ನೋಡಲು ಚಂದ ಇಲ್ಲ. ರಸಂ ಮಾಡಿ ನೋಡಿ.

ಬಾಕ್ಸ್ ಲೆಕ್ಕದಲ್ಲಿ ಮಂಡಿಯಿಂದ ತರುವುದು ಮದುವೆ, ನಾಮಕರಣ, ಇಲ್ಲವೇ ನಾಲ್ಕೈದು ಮನೆ ಸೇರಿ ಹಂಚಿಕೊಳ್ಳುವಾಗ ಸರಿ. ತರುವಾಗ ಬಾಕ್ಸನ್ನು ಬೇರೆ ಬಾಕ್ಸಿಗೆ ಸುರಿಸಿ, ತಳ ನೋಡಿ. ನನ್ನ ಹಾಗೆ ಮೇಲಿನ ಸಾಲು ನೋಡಿ ಮರುಳಾಗಬೇಡಿ.

ಅವರೆಕಾಯಿ: ಕೈಗೆ ಅಂಟಬೇಕು

ಚಳಿಗಾಲ ಬಂದರೆ ನಮ್ಮ ಕಡೆ ಬೇರೆ ತರಕಾರಿಗೆ ರಜೆ. ಡಿಸೆಂಬರ್, ಜನವರಿಯಲ್ಲಿ ಸಂತೆಗೆ ಕಾಲಿಟ್ಟ ಕೂಡಲೇ ಅವರೆಯ ಸೊಗಡು ಮೂಗಿಗೆ ಬಡಿಯುತ್ತದೆ. ಹಗಲು ಚಿಕ್ಕದಾಗಿ, ಇಬ್ಬನಿ ಬೀಳುವ ಕಾಲಕ್ಕೆ ಹೂ ಬಿಟ್ಟು ಕಾಯಾಗುವ ಹಳೇ ತಳಿಗಳಲ್ಲಿ ಈ ಸೊಗಡು ಜಾಸ್ತಿ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ ತಂದ ಎಚ್‌ಎ-3, ಎಚ್‌ಎ-4 ತಳಿಗಳಿಗೆ ಈ ಹಗಲಿನ ಲೆಕ್ಕ ಇಲ್ಲ, ವರ್ಷದ ಯಾವ ಕಾಲದಲ್ಲೂ ಬೆಳೆಯಬಹುದು. ರೈತರಿಗೆ ಅನುಕೂಲ ನಿಜ. ಆದರೆ ಆಗಸ್ಟಿನಲ್ಲಿ ತಿಂದ ಅವರೆ ಸಾರಿಗೆ ಸಂಕ್ರಾಂತಿಯ ರುಚಿ ಬರಲಿಲ್ಲ ಅಂತ ಹೆಂಡತಿಯನ್ನೋ ಗಂಡನನ್ನೋ ಬಯ್ಯಬೇಡಿ.

ಕಾಯಿಯನ್ನು ಕೈಯಲ್ಲಿ ಹಿಡಿದು ಉಜ್ಜಿ. ಜಿಡ್ಡು ಅಂಟಿ, ವಾಸನೆ ಕೈಯಲ್ಲಿ ಉಳಿದರೆ ತೆಗೆದುಕೊಳ್ಳಿ. ಈ ಪರೀಕ್ಷೆ ಫೋನಿನ ಪರದೆಯ ಮೇಲೆ ಆಗುವುದಿಲ್ಲ. ಒಂದೆರಡು ಹುಳ ಇದ್ದರೆ ಗಾಬರಿ ಬೇಡ, ಬಿಡಿಸುವಾಗ ತೆಗೆದರೆ ಆಯಿತು. ಹಿತಕಿದ ಬೇಳೆ ಪ್ಯಾಕೆಟ್ಟಿನಲ್ಲಿ ಸಿಗುತ್ತದೆ. ಇಬ್ಬರೂ ಕೆಲಸಕ್ಕೆ ಹೋಗುವ ಮನೆಯಲ್ಲಿ ಅದನ್ನು ತಂದರೆ ನಾನು ತಪ್ಪು ಅನ್ನುವುದಿಲ್ಲ. ಆದರೆ ನೆನೆಹಾಕಿದ ನೀರಿನಲ್ಲೇ ಅರ್ಧ ಸೊಗಡು ಹೋಗಿರುತ್ತದೆ.

ಈರುಳ್ಳಿ, ಬೆಳ್ಳುಳ್ಳಿ, ಆಲೂಗಡ್ಡೆ: ಎಲ್ಲಿಯಾದರೂ

ಈರುಳ್ಳಿ ಚಿತ್ರದುರ್ಗದಿಂದಲೋ ಮಹಾರಾಷ್ಟ್ರದಿಂದಲೋ ಬಂದಿರುತ್ತದೆ. ಬೆಳ್ಳುಳ್ಳಿ ಇನ್ನೂ ದೂರದ್ದು. ಸಂತೆಯಲ್ಲಿ ಕೊಂಡರೂ ಸೂಪರ್ ಮಾರ್ಕೆಟಿನಲ್ಲಿ ಕೊಂಡರೂ ಅದೇ ಮೂಟೆ. ಒಣಗಿದೆಯಾ, ಮೊಳಕೆ ಬಂದಿದೆಯಾ ನೋಡಿ, ಆಫರ್ ಇರುವ ಕಡೆ ಕೊಳ್ಳಿ. ಆಲೂಗಡ್ಡೆ ನಮ್ಮ ಕಡೆಯೂ ಬೆಳೆಯುತ್ತದೆ. ಕಿತ್ತ ಹೊಸದರಲ್ಲಿ ಸಂತೆಯಲ್ಲಿ ಸಿಗುವ ತೆಳು ಸಿಪ್ಪೆಯದು ಬಲು ರುಚಿ, ಉಳಿದ ಕಾಲದಲ್ಲಿ ವ್ಯತ್ಯಾಸ ಇಲ್ಲ. ಹಸಿರು ತಿರುಗಿದ್ದನ್ನು ಮಾತ್ರ ಎಲ್ಲೂ ಕೊಳ್ಳಬೇಡಿ.

ದುಡ್ಡಿನ ಮಾತು

ಸಂತೆ ಯಾವಾಗಲೂ ಅಗ್ಗ ಅನ್ನುವುದು ಸುಳ್ಳು. 2023ರ ಜುಲೈನಲ್ಲಿ ಕೋಲಾರದ ಮಂಡಿಯಲ್ಲೇ 15 ಕೆಜಿ ಬಾಕ್ಸು 2,000 ರೂಪಾಯಿ ದಾಟಿತ್ತು. ಆಗ ಸಂತೆಯಲ್ಲಿ ಮಾತ್ರ ಅಗ್ಗ ಎಲ್ಲಿಂದ ಬರಬೇಕು? ಬೆಲೆ ಬಿದ್ದಾಗ ಅದೇ ರೈತರು ರಸ್ತೆಗೆ ಸುರಿದು ಹೋಗುತ್ತಾರೆ. ಆಗಲೂ ಅಂಗಡಿಯಲ್ಲಿ ರೇಟು ಅಷ್ಟೇನೂ ಇಳಿದಿರುವುದಿಲ್ಲ, ಗಮನಿಸಿದ್ದೀರಾ? ಗ್ರಾಹಕ ಕೊಡುವ ಒಂದು ರೂಪಾಯಿಯಲ್ಲಿ ಟೊಮೆಟೊ ಬೆಳೆದವರಿಗೆ ಸೇರುವುದು ಸುಮಾರು 33 ಪೈಸೆ, ಈರುಳ್ಳಿಯಲ್ಲಿ 36, ಆಲೂಗಡ್ಡೆಯಲ್ಲಿ 37 ಅಂತ 2024ರಲ್ಲಿ ಬಂದ ರಿಸರ್ವ್ ಬ್ಯಾಂಕಿನ ಅಧ್ಯಯನವೊಂದು ಹೇಳಿತು. ಉಳಿದದ್ದು ಸಾಗಣೆ, ಕಮಿಷನ್, ವ್ಯಾಪಾರಿಗಳ ಲಾಭ, ಕೊಳೆತು ಹೋದದ್ದರ ನಷ್ಟ.

ಬೆಳೆದವರಿಂದಲೇ ಕೊಂಡರೆ ಈ ನಡುವಿನ ಪಾಲು ಇಬ್ಬರಿಗೂ ಹಂಚಿಹೋಗುತ್ತದೆ. ನಿಮಗೆ ಎರಡು ರೂಪಾಯಿ ಉಳಿಯಬಹುದು, ಅವರಿಗೆ ಐದು ಜಾಸ್ತಿ ಸಿಗಬಹುದು. ಅದಕ್ಕೇ ಸೊಪ್ಪು ಮಾರುವ ಅಜ್ಜಿಯ ಹತ್ತಿರ ಐದು ರೂಪಾಯಿಗೆ ಚೌಕಾಸಿ ಮಾಡುವುದು ನನಗೆ ಸರಿ ಕಾಣುವುದಿಲ್ಲ. ಕೊಸರು ಕೇಳಿ, ಅದು ಸಂತೆಯ ಹಕ್ಕು. ನಾಲ್ಕು ಹಸಿಮೆಣಸಿನಕಾಯಿ, ಒಂದು ಹಿಡಿ ಕರಿಬೇವು ನಗುತ್ತಲೇ ಹಾಕುತ್ತಾರೆ. ಬೋಣಿ ಸಮಯದಲ್ಲಿ ಮಾತ್ರ ಜಗ್ಗಾಡಬೇಡಿ. ಮೊದಲ ಗಿರಾಕಿ ಕೊಳ್ಳದೆ ಹೋದರೆ ಅವರ ಮುಖ ಇಡೀ ದಿನ ಸಪ್ಪೆ.

ಹೊತ್ತಿನ ಲೆಕ್ಕವೂ ಇದೆ. ಬೆಳಿಗ್ಗೆ ರೇಟು ಜಾಸ್ತಿ, ಮಾಲು ಚೆನ್ನ. ಸಂಜೆ ಐದರ ಮೇಲೆ ಹೊರಟವರು ಗುಡ್ಡೆ ಲೆಕ್ಕದಲ್ಲಿ ಕೊಟ್ಟುಬಿಡುತ್ತಾರೆ. ಕುಂಬಳ, ಸೋರೆ, ಬದನೆ, ಮೂಲಂಗಿಯನ್ನು ಸಂಜೆ ತನ್ನಿ, ನಷ್ಟವಿಲ್ಲ. ಸೊಪ್ಪನ್ನು ಸಂಜೆ ತಂದರೆ ಸಂತೆಗೆ ಹೋಗಿ ಏನು ಪ್ರಯೋಜನ?

ತೂಕದ ವಿಷಯದಲ್ಲಿ ಸೂಪರ್ ಮಾರ್ಕೆಟ್ ಮೇಲು, ಒಪ್ಪುತ್ತೇನೆ. ಸಂತೆಯಲ್ಲಿ ಕಲ್ಲು ಇಟ್ಟು ತೂಗುವವರೂ ಇದ್ದಾರೆ. ಎಲೆಕ್ಟ್ರಾನಿಕ್ ತಕ್ಕಡಿಗೆ ವರ್ಷಕ್ಕೊಮ್ಮೆ ಕಾನೂನುಮಾಪನ ಇಲಾಖೆಯ ಮುದ್ರೆ ಬೀಳಬೇಕು, ಅದನ್ನು ನೋಡಬಹುದು. ನನ್ನ ಉಪಾಯ ಇನ್ನೂ ಸುಲಭ. ಚೀಲದಲ್ಲಿ ಒಂದು ಲೀಟರ್ ನೀರಿನ ಬಾಟಲಿ ಇರುತ್ತದೆ. ಅನುಮಾನ ಬಂದರೆ ‘ಇದನ್ನೊಮ್ಮೆ ಇಡಿ’ ಅನ್ನುತ್ತೇನೆ. ಬಾಟಲಿಯ ತೂಕವೂ ಸೇರಿ ಒಂದು ಕೆಜಿಗಿಂತ ಸ್ವಲ್ಪವೇ ಜಾಸ್ತಿ ತೋರಿಸಬೇಕು. ಒಂದೂವರೆ ತೋರಿಸಿದರೆ ಮುಂದಿನ ಗುಡ್ಡೆಗೆ ನಡೆಯುತ್ತೇನೆ.

ನೀರು ಯಾವುದು, ಔಷಧಿ ಎಷ್ಟು?

ಸ್ಥಳೀಯ ಅಂದರೆ ಸಾವಯವ ಅಂತ ತಪ್ಪು ತಿಳಿಯಬೇಡಿ. ಟೊಮೆಟೊಗೆ, ಹೂಕೋಸಿಗೆ, ಕ್ಯಾಪ್ಸಿಕಂಗೆ ನಮ್ಮ ಕಡೆಯೂ ಚೆನ್ನಾಗಿಯೇ ಔಷಧಿ ಹೊಡೆಯುತ್ತಾರೆ. ಸಂತೆಯ ಲಾಭ ಇಷ್ಟೇ: ಹೊಡೆದವರನ್ನೇ ಕೇಳಬಹುದು. ‘ಔಷಧಿ ಹೊಡೆದು ಎಷ್ಟು ದಿನ ಆಯಿತು?’ ಅಂತ ಮೂರು ವಾರ ಒಬ್ಬರ ಹತ್ತಿರವೇ ಕೊಂಡ ಮೇಲೆ ಕೇಳಿ. ನಿಜ ಹೇಳುತ್ತಾರೆ. ನನಗೆ ಒಬ್ಬರು ‘ಈ ವಾರ ಹೂಕೋಸು ಬೇಡ, ಮುಂದಿನ ವಾರ ತಗೊಳ್ಳಿ’ ಅಂತ ಅವರಾಗಿಯೇ ಹೇಳಿದ್ದಾರೆ. ಪ್ಯಾಕೆಟ್ಟಿನ ಮೇಲೆ ಸಾವಯವ ಅಂತ ಬರೆದಿದ್ದರೆ ಸರ್ಕಾರದ ‘ಜೈವಿಕ್ ಭಾರತ್’ ಗುರುತು ಇದೆಯಾ ನೋಡಿ. ಅದಿಲ್ಲದೆ ಸುಮ್ನೆ ಹಸಿರು ಎಲೆಯ ಚಿತ್ರ ಇದ್ದರೆ ಅದಕ್ಕೆ ಡಬಲ್ ದುಡ್ಡು ಕೊಡಬೇಡಿ.

ನೀರಿನ ಪ್ರಶ್ನೆ ಕೋಲಾರಕ್ಕೆ ಸ್ವಲ್ಪ ಬೇರೆ. ವರ್ಷವಿಡೀ ಹರಿಯುವ ನದಿ ನಮಗಿಲ್ಲ. ಸಾವಿರ ಅಡಿ ದಾಟಿದ ಬೋರ್‌ವೆಲ್ಲುಗಳ ಜಿಲ್ಲೆ ಇದು. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಕೊಳಚೆ ನೀರನ್ನು ಎರಡು ಹಂತ ಶುದ್ಧ ಮಾಡಿ ನಮ್ಮ ಕೆರೆಗಳಿಗೆ ಹರಿಸುತ್ತಿದ್ದಾರೆ. ಅಂತರ್ಜಲ ಏರಲಿ ಅನ್ನುವುದು ಉದ್ದೇಶ. ಮೂರನೇ ಹಂತದ ಶುದ್ಧೀಕರಣವೂ ಬೇಕು ಅಂತ ಇಲ್ಲಿನ ಹೋರಾಟಗಾರರು ಕೇಳುತ್ತಲೇ ಇದ್ದಾರೆ. ಸೊಪ್ಪು ಕೊಳ್ಳುವಾಗ ‘ಬೋರ್‌ವೆಲ್ ನೀರಾ, ಕೆರೆ ನೀರಾ?’ ಅಂತ ಕೇಳುವುದು ನನಗೆ ಅಭ್ಯಾಸವಾಗಿದೆ. ಆಪ್‌ನಲ್ಲಿ ಈ ಪ್ರಶ್ನೆ ಹಾಕುವ ಜಾಗವೇ ಇಲ್ಲ. ಉತ್ತರ ಏನೇ ಬರಲಿ, ಎಲ್ಲಿಂದಲೇ ತರಲಿ, ಸೊಪ್ಪನ್ನು ಮೂರು ನೀರಿನಲ್ಲಿ ತೊಳೆಯಿರಿ.

ಉಳಿದವರನ್ನೂ ನೋಡೋಣ

ತಳ್ಳುಗಾಡಿಯವರನ್ನು ಜನ ಕಡೆಗಣಿಸುತ್ತಾರೆ ಅಂತ ನನ್ನ ಅಭಿಪ್ರಾಯ. ಬೆಳಗಿನ ಜಾವ ಮಂಡಿಗೆ ಹೋಗಿ ಆರಿಸಿ ತಂದು, ಎಂಟು ಗಂಟೆಗೆ ಮನೆ ಮುಂದೆ ಕೂಗುತ್ತಾರೆ. ಬೀನ್ಸ್, ಕ್ಯಾರೆಟ್, ಬೆಂಡೆ ಇಂಥ ದಿನಬಳಕೆಯದಕ್ಕೆ ಇವರೇ ಸಾಕು. ಕೆಟ್ಟದ್ದು ಕೊಟ್ಟರೆ ನಾಳೆ ಅದೇ ಬೀದಿಗೆ ಬರಬೇಕು, ಆ ಭಯ ಒಳ್ಳೆಯದು. ಚಿಲ್ಲರೆ ಇಲ್ಲದಿದ್ದರೆ ‘ನಾಳೆ ಕೊಡಿ’ ಅನ್ನುತ್ತಾರೆ. ಸೂಪರ್ ಮಾರ್ಕೆಟ್ಟಿಗೂ ಇವರಿಗೂ ನಡುವೆ ಆರಿಸು ಅಂದರೆ ನಾನು ಯೋಚನೆಯನ್ನೇ ಮಾಡುವುದಿಲ್ಲ.

ಹಾಪ್‌ಕಾಮ್ಸ್ 1959ರಲ್ಲಿ ದ್ರಾಕ್ಷಿ ಬೆಳೆಗಾರರ ಸಹಕಾರ ಸಂಘವಾಗಿ ಹುಟ್ಟಿದ್ದು. ಹಣ್ಣಿಗೆ ಇಂದಿಗೂ ಒಳ್ಳೆಯದು. ರೇಟು ಬೋರ್ಡಿನಲ್ಲೇ ಇರುವುದರಿಂದ ಚೌಕಾಸಿ ಬರದವರಿಗೆ, ವಯಸ್ಸಾದವರಿಗೆ ನೆಮ್ಮದಿ. ಸಂಜೆ ಹೋದರೆ ಬುಟ್ಟಿ ಖಾಲಿ, ಅದೊಂದೇ ತೊಂದರೆ.

ದೊಡ್ಡ ಕಂಪನಿಗಳು ಕೋಲಾರ, ಮಾಲೂರಿನ ಸುತ್ತ ತರಕಾರಿ ಸಂಗ್ರಹಿಸುತ್ತವೆ. ಹಾಗಾಗಿ ಸೂಪರ್ ಮಾರ್ಕೆಟ್ಟಿನ ಬೀನ್ಸು ನಮ್ಮ ಪಕ್ಕದ ಹಳ್ಳಿಯದ್ದೇ ಇದ್ದು, ಬೆಂಗಳೂರು ಸುತ್ತಿ ವಾಪಸ್ ಬಂದಿರಲೂಬಹುದು. ಆದರೂ ರಾತ್ರಿ ಒಂಬತ್ತಕ್ಕೆ ನೆಂಟರು ಬಂದಾಗ ಕೈ ಹಿಡಿಯುವುದು ಇವರೇ. ಆಪ್‌ನಲ್ಲಿ ತರಿಸಿದ್ದು ಕೆಟ್ಟಿದ್ದರೆ ಫೋಟೋ ಕಳಿಸಿದರೆ ದುಡ್ಡು ವಾಪಸ್. ಸಂತೆಯಲ್ಲಿ ಅದೆಲ್ಲ ಇಲ್ಲ. ಮಕ್ಕಳ ಪರೀಕ್ಷೆ, ಮನೆಯಲ್ಲಿ ಕಾಯಿಲೆ ಇದ್ದ ವಾರ ನಾನೂ ಆಪ್‌ನಲ್ಲೇ ತರಿಸುತ್ತೇನೆ. ಎರಡು ಕಟ್ಟು ಕೊತ್ತಂಬರಿಗೆ ಹತ್ತು ಕಿಲೋಮೀಟರ್ ಪೆಟ್ರೋಲ್ ಸುಡುವುದು ಯಾವ ಲೆಕ್ಕದಲ್ಲೂ ಸರಿಹೋಗುವುದಿಲ್ಲ.

ಮಾವಿನ ಹಣ್ಣಿನ ಕಾಲದಲ್ಲಿ ಮಾತ್ರ ಈ ನಿಯಮ ಮುರಿಯುತ್ತೇನೆ. ಶ್ರೀನಿವಾಸಪುರದ ಕಡೆ ಮೇ ಮಧ್ಯದಿಂದ ಜುಲೈ ತನಕ ಸುಗ್ಗಿ. ರಸ್ತೆ ಬದಿ ತೋಟದವರ ಹತ್ತಿರ ಬಲಿತ ಕಾಯಿಯನ್ನೇ ಕೊಂಡು, ಮನೆಯಲ್ಲಿ ಹುಲ್ಲಿನಲ್ಲಿ ಅಡೆ ಹಾಕುತ್ತೇನೆ. ಹೊರಗೆ ಪೂರ್ತಿ ಹಳದಿ, ಒಳಗೆ ಗಟ್ಟಿ, ಹುಳಿ ಇದ್ದರೆ ಕಾರ್ಬೈಡ್ ಇಟ್ಟಿರಬಹುದು. ಕಾರ್ಬೈಡ್ ಇಟ್ಟು ಹಣ್ಣು ಮಾಡುವುದಕ್ಕೆ ಕಾನೂನಿನಲ್ಲಿ ನಿಷೇಧವಿದೆ, ಎಥಿಲೀನ್ ಅನಿಲಕ್ಕೆ ಒಂದು ಮಿತಿಯಲ್ಲಿ ಅನುಮತಿ ಇದೆ. ಕಾಯಿ ಕೊಂಡರೆ ಎರಡರ ತಲೆನೋವೂ ಇಲ್ಲ. ನಾಲ್ಕೈದು ದಿನ ಕಾಯಬೇಕು, ದಿನಾ ಒಮ್ಮೆ ಹುಲ್ಲು ಸರಿಸಿ ಮೂಸಿ ನೋಡಬೇಕು. ನಮ್ಮ ಮನೆಯಲ್ಲಿ ಆ ಕೆಲಸ ಮಕ್ಕಳದು. ಆರನೇ ದಿನಕ್ಕೆ ಲೆಕ್ಕ ಹಾಕಿದರೆ ಎರಡು ಬಾದಾಮಿ ಹಣ್ಣು ಯಾವಾಗಲೂ ಕಡಿಮೆ ಇರುತ್ತದೆ.